ಪೀನಿಯಲ್ ಗ್ರಂಥಿ: ಗಡಿಯಾರವೋ, ಗಡಿಯಾರದ ಮುಳ್ಳೋ?

ಮಿದುಳಿನ ನಡುಭಾಗದಲ್ಲಿ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿದೆ. ರಾತ್ರಿಯಲ್ಲಿ ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ತೀರ ಕಡಿಮೆಯಿದ್ದು, ನಾವು ಏಳುವ ಹೊತ್ತಿಗೆ ಗರಿಷ್ಠ ಮಟ್ಟಕ್ಕೇರುತ್ತದೆ. ಇವೆರಡರ ರೇಖೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಿ, ಪೀನಿಯಲ್ಲೇ ದೇಹದ ಗಡಿಯಾರ, ಅಡ್ರಿನಲ್‌ಗೆ ಅದೇ ಕಡಿವಾಣ ಎಂದು ತೀರ್ಮಾನಿಸುವ ಬರಹಗಳನ್ನು ನೀವೂ ಓದಿರಬಹುದು. ನಾನು ಭೌತವಿಜ್ಞಾನದವನು, ಗ್ರಂಥಿಗಳ ಬಗ್ಗೆ ನನ್ನದು ಓದಿ ತಿಳಿದುದಷ್ಟೇ. ಆದರೆ ಆಂದೋಲನಗಳ ವಿಷಯದಲ್ಲಿ ಈ ತರ್ಕವನ್ನು ಒಪ್ಪಲಾರೆ. ಒಂದೇ ಆವರ್ತಕಾಲದ ಎರಡು ಆಂದೋಲನಗಳ ಪೈಕಿ ಒಂದು ಏರುವಾಗ ಇನ್ನೊಂದು ಇಳಿದರೆ, ಒಂದು ಮತ್ತೊಂದನ್ನು ನಡೆಸುತ್ತಿದೆ ಎಂದಾಗದು. ಎರಡನ್ನೂ ಮೂರನೆಯದು ನಡೆಸುತ್ತಿರಬಹುದು.

ಆ ಮೂರನೆಯದು ಸಿಕ್ಕಿಯೂ ಇದೆ. 1972ರಲ್ಲಿ ಮೂರ್ ಮತ್ತು ಐಕ್ಲರ್, ಇಲಿಗಳ ಹೈಪೊಥಲಾಮಸ್‌ನಲ್ಲಿ ಎರಡೂ ಕಣ್ಣಿನ ದೃಷ್ಟಿನರಗಳು ಕೂಡುವ ಜಾಗದ ಮೇಲಿರುವ ಒಂದು ಚಿಕ್ಕ ನರಕೋಶಗುಚ್ಛವನ್ನು ನಾಶಮಾಡಿದರು. ಅಡ್ರಿನಲ್‌ನ ದೈನಿಕ ಲಯ ಅಳಿದುಹೋಯಿತು. ಅದೇ ವರ್ಷ ಸ್ಟೀಫನ್ ಮತ್ತು ಜುಕರ್, ಇಲಿಗಳ ಓಡಾಟ ಹಾಗೂ ನೀರು ಕುಡಿಯುವ ಲಯಗಳೂ ಹೀಗೆಯೇ ಅಳಿಯುವುದನ್ನು ಕಂಡರು. ಪೀನಿಯಲ್ ತೆಗೆದ ಇಲಿಯಾದರೋ ಕತ್ತಲಲ್ಲಿಟ್ಟರೂ ತನ್ನ ಲಯದಲ್ಲೇ ಓಡಾಡಿಕೊಂಡಿರುತ್ತದೆ!

ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಆದರೆ ಗಡಿಯಾರದ ಸಂದೇಶ ಪೀನಿಯಲ್ ತಲುಪುವ ದಾರಿ ವಿಚಿತ್ರ: ಕತ್ತಿನ ಮೂಲಕ ಬೆನ್ನುಹುರಿಗಿಳಿದು, ಮತ್ತೆ ಮೇಲೇರಿ ಮಿದುಳಿಗೆ ಬರಬೇಕು. ಕತ್ತಿನ ಬಳಿ ಬೆನ್ನುಹುರಿ ಪೂರ್ಣ ತುಂಡಾದವರಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆಯೇ ಇರುವುದಿಲ್ಲ. ಅವರ ಕಾರ್ಟಿಸಾಲ್ ಮಾತ್ರ ಎಂದಿನಂತೆ ಬೆಳಗ್ಗೆ ಏರುತ್ತದೆ. ಏಕೆಂದರೆ ಅಡ್ರಿನಲ್‌ಗೆ ಮುಖ್ಯ ಆದೇಶ ಹೋಗುವುದು ಹೈಪೊಥಲಾಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ರಕ್ತದ ಮೂಲಕ. ನನ್ನನ್ನು ಒಪ್ಪಿಸಿದ್ದು ಈ ಒಂದು ಸಂಗತಿ. ಉಳಿದವು ಅದಕ್ಕೆ ಒತ್ತಾಸೆ.

ಹಾಗಾದರೆ ಗಡಿಯಾರದ ಮಾತು ಬಂದದ್ದೆಲ್ಲಿಂದ? ಬಹುಶಃ ಹಕ್ಕಿಗಳಿಂದ. ಪೀನಿಯಲ್ ತೆಗೆದ ಗುಬ್ಬಚ್ಚಿಯನ್ನು ಸತತ ಕತ್ತಲಲ್ಲಿಟ್ಟರೆ ಅದರ ಚಟುವಟಿಕೆ ಲಯ ತಪ್ಪುತ್ತದೆಂದು 1968ರಲ್ಲಿ ಗ್ಯಾಸ್ಟನ್ ಮತ್ತು ಮೆನಾಕರ್ ತೋರಿಸಿದ್ದರು. ಗುಬ್ಬಚ್ಚಿಯ ಮಟ್ಟಿಗೆ ಸರಿಯಾದದ್ದನ್ನು ನಮ್ಮವರು ಮನುಷ್ಯನಿಗೂ ಅಂಟಿಸಿಬಿಟ್ಟರು.

ಪೀನಿಯಲ್ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಎಷ್ಟು ಉದ್ದವೆಂಬ ಸುದ್ದಿಯನ್ನು ಅದು ದೇಹಕ್ಕೆಲ್ಲ ಸಾರುತ್ತದೆ. ಕುರಿಗಳು ಬೆದೆಗೆ ಬರುವ ಋತು ಇದನ್ನು ಅವಲಂಬಿಸಿದೆ. ಮೆಲಟೋನಿನ್ ಮೂಲ ಗಡಿಯಾರವನ್ನೇ ಕೊಂಚ ಹಿಂದೆ ಮುಂದೆ ಸರಿಸಬಲ್ಲದು. ಕ್ಯಾಪುಚಿನ್ ಕೋತಿಗಳ ಅಡ್ರಿನಲ್ ಅಂಗಾಂಶದಲ್ಲಿ ಅದು ಕಾರ್ಟಿಸಾಲ್ ಉತ್ಪಾದನೆಯನ್ನು ನೇರವಾಗಿ ತಗ್ಗಿಸುವುದೂ ಕಂಡುಬಂದಿದೆ. ಆದ್ದರಿಂದ, ಅಧ್ಯಾಪಕರೇ, ಕರಿಹಲಗೆಯ ಮೇಲೆ ಪೀನಿಯಲ್‌ನಿಂದ ಅಡ್ರಿನಲ್‌ಗೆ ಬಾಣದ ಗುರುತು ಹಾಕಲೇಬೇಕೆನಿಸಿದರೆ ಚುಕ್ಕಿಗೆರೆಯಲ್ಲಿ ಹಾಕಿ. ದಪ್ಪ ಗೆರೆಯ ಬಾಣಗಳೆರಡೂ ಹೈಪೊಥಲಾಮಸ್‌ನಿಂದ ಹೊರಡಲಿ.