ಬೂದಿಯ ದಾರಿಯಲ್ಲಿ ನೆರೆಯವನು: ‘ದ ರೋಡ್’ ಚಲನಚಿತ್ರದ ವಿಮರ್ಶೆ

ಲೋಕಾಂತ್ಯವನ್ನು ತೋರಿಸುವ ಚಲನಚಿತ್ರಗಳಲ್ಲಿ ಹೆಚ್ಚಿನವು ವಿನಾಶವನ್ನೇ ಮನರಂಜನೆಯಾಗಿ ಮಾರುತ್ತವೆ. ಜಾನ್ ಹಿಲ್‌ಕೋಟ್ ನಿರ್ದೇಶಿಸಿದ ‘ದ ರೋಡ್’ (2009) ಆ ಸಾಲಿಗೆ ಸೇರಿದ್ದಲ್ಲ. ಕಾರ್ಮ್ಯಾಕ್ ಮೆಕಾರ್ಥಿಯವರ 2006ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಲೋಕವು ಏಕೆ ಸುಟ್ಟುಹೋಯಿತೆಂದು ಯಾರೂ ಹೇಳುವುದಿಲ್ಲ. ಸೂರ್ಯನು ಮಸುಕಾಗಿದ್ದಾನೆ, ಮರಗಳು ನಿಂತಲ್ಲೇ ಸತ್ತಿವೆ, ಬದುಕುಳಿದವರಲ್ಲಿ ಅನೇಕರು ಮನುಷ್ಯರನ್ನೇ ತಿನ್ನುತ್ತಾರೆ. ಹೆಸರಿಲ್ಲದ ಒಬ್ಬ ತಂದೆಯೂ ಅವನ ಮಗನೂ ಗಾಡಿಯೊಂದನ್ನು ತಳ್ಳುತ್ತ ಕಡಲತೀರದ ಕಡೆಗೆ ನಡೆಯುತ್ತಾರೆ. ತಂದೆಯ ಪಿಸ್ತೂಲಿನಲ್ಲಿ ಎರಡೇ ಗುಂಡುಗಳಿವೆ. ಅವನ್ನು ಉಳಿಸಿಕೊಂಡಿರುವುದು ಶತ್ರುವಿಗಾಗಿ ಅಲ್ಲ, ತಮಗಾಗಿ.

ಇಂಥ ಚಿತ್ರಗಳನ್ನು ಪ್ರಕಟನೆ ಗ್ರಂಥದ ಪಕ್ಕದಲ್ಲಿಟ್ಟು ನೋಡುವ ರೂಢಿ ನಮ್ಮಲ್ಲಿದೆ. ಇಲ್ಲಿ ಆ ಹೋಲಿಕೆ ನಿಲ್ಲದು. ಯೋಹಾನನ ದರ್ಶನದಲ್ಲಿ ಸಿಂಹಾಸನವಿದೆ, ನ್ಯಾಯತೀರಿಸುವವನಿದ್ದಾನೆ, ನಾಶಕ್ಕೂ ಅರ್ಥವಿದೆ. ಈ ಚಿತ್ರಕ್ಕೆ ಹತ್ತಿರವಾದುದು ಪ್ರಲಾಪಗಳ ಗ್ರಂಥ. ಮುತ್ತಿಗೆಗೊಳಗಾದ ಯೆರೂಸಲೇಮಿನಲ್ಲಿ ತಾಯಂದಿರು ತಮ್ಮ ಮಕ್ಕಳನ್ನೇ ಬೇಯಿಸಿದ ಸಂಗತಿಯನ್ನು ಅದು (4:10) ಮರೆಮಾಚದೆ ಹೇಳುತ್ತದೆ. ಆದರೆ ಅಲ್ಲಿಯೂ ಅಳುವವನಿಗೆ ದೂರು ಹೇಳಿಕೊಳ್ಳಲು ಕರ್ತನಿದ್ದಾನೆ. ಈ ಚಿತ್ರದಲ್ಲಿ ದೂರಿಗೆ ವಿಳಾಸವೇ ಇಲ್ಲ. ಆದ್ದರಿಂದ ಅಂತ್ಯಕಾಲದ ಎಚ್ಚರಿಕೆಯಾಗಿ ಇದನ್ನು ಪ್ರಸಂಗದಲ್ಲಿ ಬಳಸುವವರು ಚಿತ್ರಕ್ಕೂ ಸತ್ಯವೇದಕ್ಕೂ ಅನ್ಯಾಯ ಮಾಡುತ್ತಾರೆ. (ಯುವಜನಕೂಟದಲ್ಲಿ ಇದನ್ನು ತೋರಿಸಬಯಸುವ ಸಭಾಪಾಲಕರು ನೆಲಮಾಳಿಗೆಯ ದೃಶ್ಯವನ್ನು ಮುಂಚಿತವಾಗಿ ತಾವೇ ನೋಡಿಕೊಳ್ಳುವುದು ಲೇಸು.)

ಚಿತ್ರದ ನಿಜವಾದ ಬಲವಿರುವುದು ತಂದೆ-ಮಗನ ನಡುವಿನ ವಾದದಲ್ಲಿ. ವಿಗೋ ಮಾರ್ಟೆನ್ಸನ್ ಅಭಿನಯಿಸಿದ ತಂದೆಯ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಅದು ಒಬ್ಬನೇ ಒಬ್ಬನಿಗೆ ಮೀಸಲಾದ ಪ್ರೀತಿ. ಕಡಲತೀರದಲ್ಲಿ ಅವರ ಗಾಡಿಯನ್ನು ಕದ್ದವನನ್ನು ಅವನು ಹಿಡಿದು, ಬಟ್ಟೆಯನ್ನೆಲ್ಲ ಬಿಚ್ಚಿಸಿ, ಚಳಿಯಲ್ಲಿ ಬೆತ್ತಲೆ ನಿಲ್ಲಿಸಿ ಹೊರಡುತ್ತಾನೆ. ಕಳ್ಳನು ತಮಗೆ ಮಾಡಹೊರಟಿದ್ದನ್ನೇ ತಾನು ಅವನಿಗೆ ಮಾಡಿದೆನೆಂಬುದು ಅವನ ಲೆಕ್ಕ. ಲೂಕ 10ನೆಯ ಅಧ್ಯಾಯವನ್ನು ಬಲ್ಲ ಓದುಗರಿಗೆ ಇಲ್ಲಿ ಯೆರಿಕೋವಿನ ದಾರಿ ತಲೆಕೆಳಗಾಗಿ ಕಾಣುತ್ತದೆ: ಬಟ್ಟೆಯನ್ನು ಕಿತ್ತುಕೊಂಡು ಮನುಷ್ಯನನ್ನು ದಾರಿಯಲ್ಲಿ ಬಿಟ್ಟುಹೋದವನು ನಾವು ಮೆಚ್ಚಿಕೊಂಡು ಬಂದ ತಂದೆಯೇ. ಮಗನು ಅತ್ತು ಅವನನ್ನು ಹಿಂದಕ್ಕೆ ಕರೆತರುತ್ತಾನೆ. ಕಳ್ಳನು ಸಿಕ್ಕುವುದಿಲ್ಲ, ಬಟ್ಟೆಗಳನ್ನು ಅಲ್ಲಿಯೇ ಇಟ್ಟು ಬರುತ್ತಾರೆ. ಎಲ್ಲದರ ಚಿಂತೆ ನಿನಗಿಲ್ಲವೆಂದು ತಂದೆ ಗದರಿದಾಗ, ಅದು ತನ್ನದೇ ಎಂದು ಬಾಲಕನು ಹೇಳುವ ಮಾತಿನಲ್ಲಿ ನಾಟಕೀಯತೆ ಲೇಶವೂ ಇಲ್ಲ. ಬಾಲನಟ ಕೋಡಿ ಸ್ಮಿಟ್-ಮ್ಯಾಕ್‌ಫೀ ಅದನ್ನು ದಣಿದ ಮಗುವಿನ ಸ್ವರದಲ್ಲಿ ನುಡಿಯುತ್ತಾನೆ.

ದಾರಿಯಲ್ಲಿ ಸಿಕ್ಕುವ ಮುದುಕನ ಪ್ರಸಂಗವೂ ಧ್ಯಾನಕ್ಕೆ ಯೋಗ್ಯವಾದುದು. ರಾಬರ್ಟ್ ಡುವಾಲ್ ಅಭಿನಯಿಸಿದ ಈ ವೃದ್ಧನ ಕಣ್ಣುಗಳು ಮಬ್ಬಾಗಿವೆ. ತನ್ನ ಹೆಸರು ಏಲಿ ಎನ್ನುತ್ತಾನೆ. ಸಮುವೇಲನ ಮೊದಲನೆಯ ಪುಸ್ತಕದ 3ನೆಯ ಅಧ್ಯಾಯ ತಾನಾಗಿ ನೆನಪಿಗೆ ಬರುತ್ತದೆ: ಕರ್ತನ ವಾಕ್ಯವು ವಿರಳವಾಗಿದ್ದ ಕಾಲ, ದೃಷ್ಟಿ ಕುಂದಿದ ಯಾಜಕ, ಆರದೆ ಉಳಿದ ದೀಪ, ಹಿರಿಯರಿಗೆ ಕೇಳಿಸದ ಸ್ವರ ಕೇಳಿಸಿದ ಬಾಲಕ. ತಾವು ಬೆಂಕಿಯನ್ನು ಹೊತ್ತು ಸಾಗುವವರೆಂದು ತಂದೆಯು ಮಗನಿಗೆ ಕಲಿಸಿದ್ದಾನೆ. ಆದರೆ ಮುದುಕನಿಗೆ ಊಟ ಕೊಡಬೇಕೆಂದು ಹಟ ಹಿಡಿಯುವವನು ಮಗನು. ಕಲಿಸಿದವನು ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಮೆಕಾರ್ಥಿಯವರು ಸಮುವೇಲನನ್ನು ಉದ್ದೇಶಿಸಿ ಬರೆದರೆಂದು ನಾವು ವಾದಿಸುತ್ತಿಲ್ಲ. ಸತ್ಯವೇದದ ಓದುಗನು ಆ ಸಾಮ್ಯವನ್ನು ಕಾಣದಿರಲಾರನು, ಅಷ್ಟೆ.

ಇನ್ನು ಕೊರತೆಗಳು. ನಿಕ್ ಕೇವ್ ಮತ್ತು ವಾರೆನ್ ಎಲಿಸ್ ಅವರ ಸಂಗೀತವು ತನ್ನಷ್ಟಕ್ಕೆ ಇಂಪಾದುದೇ ಆದರೂ, ಮೌನವು ತಾನೇ ಮಾತಾಡಬಹುದಾದ ಸ್ಥಳಗಳಲ್ಲಿ ನಾವು ಯಾವಾಗ ಮರುಗಬೇಕೆಂದು ಸೂಚನೆ ಕೊಡುತ್ತದೆ. ಇದಕ್ಕಿಂತ ಗಂಭೀರವಾದುದು ತಾಯಿಯ ಚಿತ್ರಣ. ಕಾದಂಬರಿಯಲ್ಲಿ ಅಲ್ಪಕಾಲ ಬರುವ ಆಕೆಗೆ ಚಿತ್ರವು ಹೆಚ್ಚಿನ ಅವಕಾಶ ಕೊಟ್ಟಿದೆ. ಅದರಲ್ಲಿ ಬಹುಪಾಲು ಬಣ್ಣ ತುಂಬಿದ ಸಿಹಿನೆನಪುಗಳಿಗೆ ವ್ಯಯವಾಗಿದೆ. ಬದುಕಲು ಒಲ್ಲದೆ ಕತ್ತಲೆಯೊಳಗೆ ನಡೆದುಹೋಗುವ ಆಕೆಯ ನಿರಾಶೆಗೆ ತನ್ನದೇ ಆದ ತರ್ಕವಿದೆ; ಗಂಡನು ಅದಕ್ಕೆ ಉತ್ತರ ಕೊಡಲಾರನು, ಚಿತ್ರವೂ ಕೊಡುವುದಿಲ್ಲ. ಆತ್ಮಹತ್ಯೆಯಿಂದ ಬಂಧುಗಳನ್ನು ಕಳಕೊಂಡ ಮನೆಗಳಿಗೆ ಹೋಗಿ ಕೂತು ಬರುವ ನಮಗೆ ಈ ಅವಸರ ಒಪ್ಪಿಗೆಯಾಗದು.

ಮುಕ್ತಾಯವೂ ತೃಪ್ತಿಕರವಲ್ಲ. ತಂದೆ ಸತ್ತ ಮೇಲೆ ಮಗನಿಗೆ ಒಂದು ಕುಟುಂಬ ಸಿಕ್ಕುತ್ತದೆ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ನಾಯಿ. ಕಾದಂಬರಿಯಲ್ಲಿ ಆ ಸ್ತ್ರೀಯು ಬಾಲಕನೊಂದಿಗೆ ದೇವರ ವಿಷಯ ಮಾತಾಡುತ್ತಾಳೆ. ಅವನು ಪ್ರಾರ್ಥಿಸಲು ಯತ್ನಿಸಿ, ಕೊನೆಗೆ ಸತ್ತ ತಂದೆಯೊಡನೆ ಮಾತಾಡುವುದೇ ತನಗೆ ಸುಲಭವೆಂದು ಕಾಣುತ್ತಾನೆ. ಆಕೆ ಅದನ್ನೂ ಒಪ್ಪಿಕೊಳ್ಳುತ್ತಾಳೆ. ಪ್ರಾರ್ಥಿಸಲಾರದವನ ಬಗ್ಗೆ ಇಷ್ಟು ಮೃದುವಾಗಿ ಬರೆದ ಪುಟಗಳು ಆಧುನಿಕ ಸಾಹಿತ್ಯದಲ್ಲಿ ವಿರಳ. ಚಿತ್ರವು ಅದನ್ನು ಕೈಬಿಟ್ಟು ಕುಟುಂಬವನ್ನು ಮಾತ್ರ ಉಳಿಸಿಕೊಂಡಿದೆ. ಹೀಗಾಗಿ ಕೃಪೆಯಂತೆ ಬರಬೇಕಾದದ್ದು ಅನುಕೂಲವಾದ ತಿರುವಿನಂತೆ ಬರುತ್ತದೆ.

ಆದರೂ ಚಿತ್ರ ಮುಗಿದು ಹೆಸರುಗಳು ಸರಿಯುವಾಗ ಎದ್ದುಹೋಗಬಾರದು. ಕಪ್ಪು ಪರದೆಯ ಹಿಂದಿನಿಂದ ಸಾಮಾನ್ಯ ಬೀದಿಯೊಂದರ ಸದ್ದುಗಳು ಕೇಳಿಬರುತ್ತವೆ. ಅವು ನೆನಪೋ ವಾಗ್ದಾನವೋ ಎಂದು ನಿರ್ದೇಶಕನು ಹೇಳುವುದಿಲ್ಲ.