ಮಹಾಭಾರತದ ಪಾಠಶೋಧನೆ

ಪ್ರಾಚೀನ ಕಾವ್ಯವೊಂದರ ಗುಣದೋಷಗಳನ್ನು ವಿಚಾರಿಸುವುದಕ್ಕೆ ಮೊದಲು, ವಿಚಾರಕ್ಕೆ ಬಂದಿರುವ ಮಾತು ಕವಿಯದೋ ಲಿಪಿಕಾರನದೋ ಎಂಬುದು ನಿಶ್ಚಯವಾಗಬೇಕು. ಈ ನಿಶ್ಚಯವಿಲ್ಲದ ವಿಮರ್ಶೆಯು ಎಷ್ಟೇ ಸರಸವಾಗಿದ್ದರೂ ತಳಹದಿಯಿಲ್ಲದ ಮನೆಯಂತೆ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ತೊಡಗಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವು ಅಂತಹ ತಳಹದಿಯನ್ನು ಹಾಕುವ ಮಹಾಪ್ರಯತ್ನ. 1925ರಿಂದ ಅದರ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕಥನಕರರು 1933ರಲ್ಲಿ ಪೂರ್ಣಗೊಂಡ ಆದಿಪರ್ವಕ್ಕೆ ಬರೆದ ಉಪೋದ್ಘಾತವು ಸಂಶೋಧನ ವಿಧಾನದ ಶಾಸ್ತ್ರಗ್ರಂಥವೆಂದೇ ಗಣ್ಯವಾಗತಕ್ಕುದು. ಆದರೂ ಗಣಪತಿಯನ್ನೂ ಕೃಷ್ಣನನ್ನೂ ಭಾರತದಿಂದ ಹೊರಗೆ ಹಾಕಿದ ಪುಸ್ತಕವಿದು ಎಂಬ ಆಕ್ಷೇಪವು ಆಸ್ತಿಕ ವಾಚಕರಲ್ಲಿ ಉಂಟು. ಆಕ್ಷೇಪವು ನ್ಯಾಯವೇ ಎಂಬುದನ್ನು ವಿಧಾನವನ್ನು ತಿಳಿದಮೇಲೆ ನಿರ್ಣಯಿಸುವುದು ಉಚಿತ.

ಆದಿಪರ್ವಕ್ಕಾಗಿ ಸುಮಾರು 60 ಹಸ್ತಪ್ರತಿಗಳನ್ನು ತಾಳೆ ನೋಡಲಾಯಿತು. ಶಾರದಾ, ನೇಪಾಳಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಎಂದು ಲಿಪಿಯನ್ನನುಸರಿಸಿ ಅವುಗಳನ್ನು ವಿಂಗಡಿಸಿ, ಉತ್ತರ ದಕ್ಷಿಣ ಎಂಬ ಎರಡು ಶಾಖೆಗಳನ್ನು ಗುರುತಿಸಿದರು. ಇಲ್ಲಿ ಪ್ರತಿಗಳ ಸಂಖ್ಯೆಯೇ ಪ್ರಮಾಣವಲ್ಲ. ಒಂದೇ ಮಾತೃಕೆಯಿಂದ ಇಳಿದ ನೂರು ಪ್ರತಿಗಳು ಒಬ್ಬನ ಬಾಯಿಂದ ಕೇಳಿ ನುಡಿಯುವ ನೂರು ಸಾಕ್ಷಿಗಳಂತೆ. ಅವರೆಲ್ಲರ ತೂಕವೂ ಒಬ್ಬನ ತೂಕವೇ. ಕಾಶ್ಮೀರದ ಶಾರದಾ ಪ್ರತಿಯೂ ಕೇರಳದ ಮಲಯಾಳ ಪ್ರತಿಯೂ ಒಂದೇ ಪಾಠವನ್ನು ಹೇಳಿದರೆ, ಪರಸ್ಪರ ಪರಿಚಯವಿಲ್ಲದ ಇಬ್ಬರ ಸಾಕ್ಷ್ಯದಂತೆ ಅದು ಗ್ರಾಹ್ಯ. ಸಂದೇಹವುಳಿದ ಪಾಠಗಳ ಕೆಳಗೆ ಅಲೆಯಂತಹ ಗೆರೆಯನ್ನೆಳೆದು ಆ ಸಂದೇಹವನ್ನು ಪ್ರಕಟವಾಗಿಯೇ ಸೂಚಿಸಿದ್ದಾರೆ. ಮೂಲದಿಂದ ಕೈಬಿಟ್ಟ ಶ್ಲೋಕಗಳೂ ನಷ್ಟವಾಗಿಲ್ಲ. ಅಡಿಟಿಪ್ಪಣಿಯಲ್ಲಿಯೋ ಅನುಬಂಧದಲ್ಲಿಯೋ ಅಚ್ಚಾಗಿವೆ. ಗಣಪತಿಯು ಲಿಪಿಕಾರನಾದ ಕಥೆಯು ಈಗ ಆದಿಪರ್ವದ ಅನುಬಂಧದಲ್ಲಿದೆ.

ಇದಕ್ಕೊಂದು ಪ್ರಬಲ ಪೂರ್ವಪಕ್ಷವುಂಟು. ಹೀಗೆ ಕಟ್ಟಿದ ಪಾಠವು ಯಾವ ಒಂದು ಪ್ರತಿಯಲ್ಲಿಯೂ ಇಲ್ಲ. ಆದಕಾರಣ ನೀಲಕಂಠನ ಪಾಠವನ್ನೇ ಅಚ್ಚುಹಾಕಿ ಪಾಠಾಂತರಗಳನ್ನು ಕೆಳಗೆ ಕೊಟ್ಟರೆ ಸಾಕೆಂಬುದು ಫ್ರಾನ್ಸಿನ ವಿದ್ವಾಂಸ ಸಿಲ್ವೇನ್ ಲೆವಿಯವರ ಅಭಿಪ್ರಾಯವಾಗಿತ್ತು. ಆದರೆ 17ನೆಯ ಶತಮಾನದಲ್ಲಿ ಕಾಶಿಯಲ್ಲಿ ವ್ಯಾಖ್ಯಾನವನ್ನು ಬರೆದ ನೀಲಕಂಠನೂ ನಾನಾ ದೇಶಗಳ ಪ್ರತಿಗಳನ್ನು ಕೂಡಿಸಿ, ತನಗೆ ಉತ್ತಮವೆಂದು ತೋರಿದ ಪಾಠವನ್ನು ಆರಿಸಿಕೊಂಡವನೇ. ಅವನು ಅಲ್ಲಲ್ಲಿ ಪಾಠಾಂತರವನ್ನು ಸೂಚಿಸುತ್ತಾನಾದರೂ, ಯಾವುದು ಯಾವ ಪ್ರತಿಯಲ್ಲಿತ್ತೆಂಬ ಲೆಕ್ಕವನ್ನು ಒಪ್ಪಿಸುವುದಿಲ್ಲ. ನೂತನ ವಿಧಾನದ ಹೆಚ್ಚುಗಾರಿಕೆಯು ಪಾಂಡಿತ್ಯದಲ್ಲಿಲ್ಲ, ಈ ಲೆಕ್ಕದಲ್ಲಿದೆ. ವ್ಯಾಸರ ಬಾಯಿಂದ ಹೊರಟ ಮಾತೇ ಇದೆಂದು ಸುಕಥನಕರರು ಎಲ್ಲಿಯೂ ಸಾಧಿಸಲಿಲ್ಲ. ಉಳಿದಿರುವ ಪ್ರತಿಗಳಿಂದ ಮುಟ್ಟಬಹುದಾದ ಅತ್ಯಂತ ಹಳೆಯ ರೂಪವೆಂದಷ್ಟೇ ಹೇಳಿದರು. ಆದಿಪರ್ವವು ಅಚ್ಚಾದಮೇಲೆ ನೇಪಾಳದ ರಾಜಗುರು ಹೇಮರಾಜ ಪಂಡಿತರ ಪುರಾತನ ಪ್ರತಿಯು ಪರೀಕ್ಷೆಗೆ ದೊರೆತಾಗ, ಅವರು ನಿರ್ಣಯಿಸಿದ್ದ ಅನೇಕ ಪಾಠಗಳಿಗೆ ಅದು ಬೆಂಬಲವಾಯಿತು.

ವಿಧಾನದ ನಿಜವಾದ ಪರೀಕ್ಷೆ ದ್ಯೂತಪ್ರಸಂಗದಲ್ಲಿ. ಅಮೆರಿಕದ ಫ್ರಾಂಕ್ಲಿನ್ ಎಡ್ಜರ್ಟನ್ ಅವರು ಪರಿಷ್ಕರಿಸಿ 1944ರಲ್ಲಿ ಹೊರಬಂದ ಸಭಾಪರ್ವದಲ್ಲಿ ದ್ರೌಪದಿಯ ಸೀರೆಯನ್ನು ಸೆಳೆದಂತೆಲ್ಲ ಮತ್ತೊಂದು ಸೀರೆ ತೋರುತ್ತದೆ. ಆದರೆ ಅವಳು ಕೃಷ್ಣನನ್ನು ಕರೆಯುವ ಪ್ರಾರ್ಥನೆ ಮೂಲದಲ್ಲಿಲ್ಲ. ಪ್ರತಿಗಳ ಸಾಕ್ಷ್ಯವನ್ನು ನಂಬಿ ಅದನ್ನು ಕೆಳಗಿಳಿಸಿದ್ದು ನಿಯಮಕ್ಕೆ ಸರಿಯೇ. ಸಂಪಾದಕರು ಅಷ್ಟಕ್ಕೇ ನಿಲ್ಲದೆ, ಧರ್ಮವೇ ಸ್ವತಃ ಸತಿಯನ್ನು ರಕ್ಷಿಸಿತೆಂದು ಅರ್ಥಮಾಡಿ, ಈ ಸಂಕ್ಷಿಪ್ತರೂಪವೇ ತಮಗೆ ಹೆಚ್ಚು ಹೃದ್ಯವೆಂದೂ ಹೇಳಿದರು. ಇಲ್ಲಿ ಸಾಕ್ಷ್ಯದ ಜತೆಗೆ ರುಚಿಯೂ ಬೆರೆಯಿತು. ಏಕೆಂದರೆ ಎಸ್. ಕೆ. ಡೇ ಅವರು ಪರಿಷ್ಕರಿಸಿದ ಉದ್ಯೋಗಪರ್ವದಲ್ಲಿ, ದೂರದಲ್ಲಿದ್ದ ತನ್ನನ್ನು ದ್ರೌಪದಿಯು ಗೋವಿಂದನೆಂದು ಕೂಗಿ ಕರೆದ ಋಣವು ಮನಸ್ಸನ್ನು ಬಿಡದೆ ಬೆಳೆಯುತ್ತಿದೆಯೆಂದು ಕೃಷ್ಣನೇ ಆಡುವ ಮಾತು ಮೂಲದಲ್ಲಿಯೇ ನಿಂತಿದೆ. ಈ ಮಾತನ್ನು ಕಂಡ ಮುಂದಿನವನೊಬ್ಬನು ಅದಕ್ಕೆ ಹೊಂದುವಂತೆ ಪ್ರಾರ್ಥನೆಯನ್ನು ರಚಿಸಿದ್ದಿರಬಹುದು. ಇಲ್ಲವೆ ಆ ಕೂಗು ಕಥೆಯಲ್ಲಿ ಮೊದಲಿನಿಂದಲೂ ಇದ್ದಿರಬಹುದು. ಪ್ರತಿಗಳ ಮೌನವೊಂದರಿಂದಲೇ ಇದು ತೀರ್ಮಾನವಾಗದು. ಆದುದರಿಂದ ಕೃಷ್ಣನು ಭಾರತದಿಂದ ಹೊರಗಾದನೆಂಬ ದೂಷಣೆಯೂ, ಕೃಷ್ಣನ ಸಂಬಂಧವೆಲ್ಲ ಈಚಿನದೆಂಬ ಉತ್ಸಾಹವೂ ಸಮಾನವಾಗಿ ಅವಸರದವು. ವಾಚಕನು ಸಂಪಾದಕನೊಡನೆ ಹೀಗೆ ವಾದಿಸಲು ಬೇಕಾದ ಆಯುಧಗಳನ್ನು ಆ ಆವೃತ್ತಿಯೇ ಒದಗಿಸಿಕೊಟ್ಟಿದೆಯೆಂಬುದು ಅದರ ಹಿರಿಮೆ.

ಕುಮಾರವ್ಯಾಸನನ್ನು ಓದುವ ಕನ್ನಡಿಗರಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಅವನ ಕಾವ್ಯದಲ್ಲಿ ಕೃಷ್ಣನು ಕೊಡುವ ಅಕ್ಷಯವಸ್ತ್ರವು ಆ ಕಾವ್ಯದ ಸತ್ಯ. ಪುಣೆಯ ಪಾಠದಿಂದ ಅದನ್ನು ತಿದ್ದಹೊರಡುವುದು ಅವಿವೇಕ. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಹೊರಬಂದ ಕನ್ನಡ ಭಾರತವನ್ನು ತೂಗಬೇಕಾದುದು ಕುಮಾರವ್ಯಾಸನ ಪ್ರತಿಗಳಿಂದಲೇ. ಆಯಾ ಕವಿಯ ಮಾತನ್ನು ಆಯಾ ಕವಿಗೆ ಉಳಿಸಿಕೊಡುವುದೇ ಪಾಠಶೋಧನೆಯ ಧರ್ಮ. ಈ ವಿಧಾನವನ್ನು ಕನ್ನಡ ವಿದ್ಯಾರ್ಥಿಗಳಿಗೆ ಕ್ರಮವಾಗಿ ಬೋಧಿಸುವ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯು 1964ರಿಂದ ಲಭ್ಯವಿದೆ.

ಪಾಠನಿರ್ಣಯವೇ ವಿದ್ಯೆಯ ಕೊನೆಯೆಂದು ಸುಕಥನಕರರು ಭಾವಿಸಿರಲಿಲ್ಲ. ಅಕ್ಷರಗಳನ್ನು ತೂಗುವುದರಲ್ಲಿ ವರ್ಷಗಳನ್ನು ಕಳೆದ ಅವರು, ಕಡೆಯಲ್ಲಿ ಮುಂಬಯಿಯಲ್ಲಿ ಮಹಾಭಾರತದ ಅರ್ಥವನ್ನು ಕುರಿತು ಉಪನ್ಯಾಸಮಾಲೆಯನ್ನು ಆರಂಭಿಸಿ, ನಾಲ್ಕನೆಯ ಉಪನ್ಯಾಸಕ್ಕೆ ಮುನ್ನ 1943ರ ಜನವರಿಯಲ್ಲಿ ತೀರಿಕೊಂಡರು. ಆ ಉಪನ್ಯಾಸಗಳು 1957ರಲ್ಲಿ ಪುಸ್ತಕವಾದವು. ಉಪೋದ್ಘಾತವನ್ನೂ ಅವನ್ನೂ ಜತೆಯಾಗಿ ಓದಿದವರಿಗೆ, ಶೋಧನೆಯೂ ರಸಗ್ರಹಣವೂ ವಿರುದ್ಧವೆಂಬ ಭ್ರಾಂತಿ ಉಳಿಯಲಾರದು. ಹಳೆಯ ಗ್ರಂಥವನ್ನು ಅಚ್ಚಿಗೆ ಕೊಡುವವರು, ತಾವು ಬಿಟ್ಟ ಪಾಠವನ್ನೂ ಬಿಟ್ಟ ಕಾರಣವನ್ನೂ ವಾಚಕರ ಮುಂದಿಡುವಷ್ಟು ವಿನಯವನ್ನಾದರೂ ಇವರಿಂದ ಕಲಿಯತಕ್ಕುದು.