ದಾದಿ ಕೇಳಬೇಕಾದ ಪ್ರಶ್ನೆ

ಕಾಯಿಲೆ ಒಬ್ಬರಿಗೆ ಬಂದರೂ ಹಾಸಿಗೆ ಹಿಡಿಯುವುದು ಇಡೀ ಮನೆ. ನಮ್ಮ ಅಜ್ಜಿಯರಿಗೆಲ್ಲ ತಿಳಿದಿದ್ದ ಈ ಮಾತನ್ನು ಆಸ್ಪತ್ರೆಗಳಿಗೆ ಪುಸ್ತಕ ಬರೆದು ಹೇಳಬೇಕಾಯಿತು. ಲೊರೇನ್ ರೈಟ್ ಮತ್ತು ಮೌರೀನ್ ಲೇಹಿ ಎಂಬ ಕೆನಡಾದ ಲೇಖಕಿಯರು 1984ರಲ್ಲಿ ಹೊರತಂದ ‘ನರ್ಸಸ್ ಅಂಡ್ ಫ್ಯಾಮಿಲೀಸ್’ ಅಂಥ ಗ್ರಂಥ. ಪರಿಷ್ಕೃತವಾಗಿ ಹಲವು ಸಲ ಅಚ್ಚಾಗಿರುವ ಇದನ್ನು ಬರಿಯ ಪಠ್ಯಪುಸ್ತಕವೆಂದು ಕೈಗೆತ್ತಿಕೊಂಡೆ. ಕೆಳಗಿಡುವಾಗ ಮನಸ್ಸು ಕಲಕಿತ್ತು.

ರೈಟ್ ಅವರು 1982ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ರೋಗಿಗಳ ಮನೆಮಂದಿಗಾಗಿಯೇ ಶುಶ್ರೂಷಾ ಘಟಕವೊಂದನ್ನು ತೆರೆದರು. ಅದು 2007ರವರೆಗೆ ನಡೆಯಿತು. ಕುಟುಂಬ ಚಿಕಿತ್ಸೆಯೆಂಬ ವಿದ್ಯೆಯನ್ನು ದಾದಿಯ ಕೈಗೆ ಎಟುಕಿಸಿದ್ದು ಈ ಲೇಖಕಿಯರ ಹಿರಿಮೆ. ಅವರ ದಾದಿ ಮೂರು ತಲೆಮಾರಿನ ವಂಶವೃಕ್ಷವನ್ನು ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಈ ಕಾಯಿಲೆಯಿಂದ ಮನೆಯಲ್ಲಿ ಎಲ್ಲರಿಗಿಂತ ನೊಂದವರು ಯಾರೆಂದು ವಿಚಾರಿಸುತ್ತಾಳೆ. ಯಾವ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಮಾಧಾನವಾದೀತೆಂದು ಕೇಳುತ್ತಾಳೆ. ಮನೆಯವರ ಸೇವೆಯಲ್ಲಿ ಒಳ್ಳೆಯದನ್ನು ಕಂಡರೆ ಬಾಯಿಬಿಟ್ಟು ಮೆಚ್ಚುತ್ತಾಳೆ. ಪುರುಸೊತ್ತೆಲ್ಲಿ ಎನ್ನುವವರಿಗೆ ಲೇಖಕಿಯರ ಉತ್ತರ: 15 ನಿಮಿಷ ಸಾಕು.

ಇಲ್ಲಿ ಸ್ವಂತ ಮಾತೊಂದನ್ನು ಹೇಳದೆ ಗತ್ಯಂತರವಿಲ್ಲ. ನಮ್ಮ ತಂದೆ ತಮ್ಮ ಕಡೆಯ 19 ದಿನಗಳನ್ನು ಆಸ್ಪತ್ರೆಯಲ್ಲಿ ಕಳೆದರು. ತಾಯಿ ಮಂಚದ ಪಕ್ಕದ ಸ್ಟೂಲು ಬಿಟ್ಟು ಕದಲಲಿಲ್ಲ. ಅವರಿಗೆ ಎದುರಾದ ಪ್ರಶ್ನೆಗಳು ಎರಡೇ: ಮಾತ್ರೆ ಕೊಟ್ಟಿರಾ? ಹಣ ಕಟ್ಟಿದಿರಾ? ದಾದಿಯರು ಕೆಟ್ಟವರಾಗಿರಲಿಲ್ಲ, ಬೇರೆ ಪ್ರಶ್ನೆ ಕೇಳುವುದೂ ತಮ್ಮ ಕೆಲಸವೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ತಂದೆ ಹೋದ ಮೇಲೆ ವರ್ಷಗಟ್ಟಲೆ ತಾಯಿಯದು ಒಂದೇ ಹಂಬಲ: “ಅವತ್ತು ನಾನು ಕುಡಿಸಿದ ಗಂಜಿಯಿಂದಲೇ ಹೆಚ್ಚಾಯಿತೇನೋ.” ಆ ಮಾತಿಗೆ ಅಂದೇ ಯಾರಾದರೂ 15 ನಿಮಿಷ ಕಿವಿಗೊಟ್ಟಿದ್ದರೆ!

ಇನ್ನು ಗ್ರಂಥದ ಕೊರತೆ. ವರ್ಗ, ಉಪವರ್ಗಗಳ ಕಟ್ಟುಪಾಡಿನಲ್ಲಿ ಲೇಖಕಿಯರ ಒಳ್ಳೆಯ ಮಾತುಗಳು ಎಷ್ಟೋ ಕಡೆ ಸೊರಗಿವೆ. ಅದಕ್ಕಿಂತ ದೊಡ್ಡ ತಕರಾರು ಬೇರೆ. ಮನೆಯವರು ಒಟ್ಟಿಗೆ ಕೂತರೆ ಮನಸ್ಸು ಬಿಚ್ಚಿ ಆಡಿಯಾರೆಂಬ ನಂಬಿಕೆ ಇಲ್ಲಿ ಮೇಲಾಗಿದೆ. ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯ ಮುಂದೆ ಎತ್ತದಿರುವುದೇ ನಮ್ಮ ಎಷ್ಟೋ ಮನೆಗಳಲ್ಲಿ ಪ್ರೀತಿ. ಅತ್ತೆಯ ಆರೈಕೆಯಲ್ಲಿ ಸೋತ ಸೊಸೆ ಅತ್ತೆಯ ಎದುರಿಗೇ “ದಣಿದೆ” ಎಂದಾಳೆ? ಎಲ್ಲರ ಮುಂದೆ ಕೇಳಿದರೆ ಅಲ್ಲಿ ಬರುವುದು ಮರ್ಯಾದೆಯ ಉತ್ತರ, ನಿಜವಲ್ಲ. ನಮ್ಮ ದಾದಿ ಆ ಪ್ರಶ್ನೆಯನ್ನು, ಫ್ಲಾಸ್ಕು ಹಿಡಿದು ಕಾಫಿಗೆ ಹೊರಟವಳ ಜೊತೆ ನಾಲ್ಕು ಹೆಜ್ಜೆ ನಡೆದು ಕೇಳಬೇಕಾದೀತು.

ಆದರೆ ಕೇಳಲೇಬೇಕು. ಅದನ್ನು ಮನಗಾಣಿಸುವುದರಿಂದಲೇ ಈ ಗ್ರಂಥ ಬೆಲೆಯುಳ್ಳದ್ದು. ಕನ್ನಡದಲ್ಲಿಯೂ ಇಂಥದೊಂದು ಬರಬೇಕು. ಭಾಷಾಂತರವಾಗಿ ಅಲ್ಲ, ನಮ್ಮ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡಿದ ದಾದಿಯೊಬ್ಬರ ಲೇಖನಿಯಿಂದ. ಸ್ಟೂಲಿನ ಮೇಲೆ ಕೂತವರ ಮುಖ ಅವರಿಗೆ ಗೊತ್ತಿರುತ್ತದೆ.